ಕಿವಿಗೆ ಮೂವತ್ತು ಸಾವಿರ

ಹೋದ ತಿಂಗಳ ಬೆಂಗಳೂರಿನಿಂದ ಮಗಳ ಫೋನ್ ಬಂತು. "ಅವ್ವಾ, ನಮ್ಮದೊಂದು ನ್ಯಾಯಾ ಬಗಿಹರಿಸು" ಅಂದ್ಲು. ಗಂಡಾ ಹೆಂಡತಿ ಏನರ ಜಗಳಾ ಮಾಡ್ಕೊಂಡಾರೇನೋ ಅಂತ ನನ್ನ ಎದಿ ಧಸಕ್ ಅಂತು. ಜಗಳಾನ ಖರೆ, ಆದ್ರ ಹೆಡ್‌ಫೋನಿನ ಸಲುವಾಗಿ! ಅಕಿಗೆ ವೈರ್ ಇಲ್ಲದ್ದು, ಹೊರಗಿನ ಸಪ್ಪಳಾ ತಡಿಯೂ ಅಂಥಾದ್ದು ಬೇಕಂತ. ಬೆಲಿ 30 ಸಾವಿರ. ಅಳಿಯಂದ್ರು, "ಎರಡು ಸಾವಿರದ್ದೂ ಹಾಡಾ ಕೇಳಸ್ತದ, ಮೂವತ್ತು ಸಾವಿರದ್ದೂ ಅದ ಹಾಡಾ ಕೇಳಸ್ತದ. ಅದಕ್ಯಾಕ ಅಷ್ಟು ರೊಕ್ಕಾ ಸುರೀಬೇಕು?" ಅಂತಾರ.

"ನಿಂತ ಕಾಲ ಮ್ಯಾಲ ಹೇಳಲಿಕ್ಕೆ ಬರೂದಿಲ್ಲ, ಎಂಟು ದಿನಾ ಕೊಡು" ಅಂದೆ. ನನ್ನ ಸ್ವಭಾವ ನಿಮಗ ಗೊತ್ತದ. ಒಂದು ವಸ್ತು ತಲ್ಯಾಗ ಹೊಕ್ಕಿತಂದ್ರ ಅದರ ಅಜ್ಜ-ಮುತ್ತಜ್ಜನ ತನಕಾ ಹೋಗಿ ವಿಚಾರಿಸ್ಕೊಂಡು ಬರೂತನಕ ನನಗ ಸಮಾಧಾನ ಇಲ್ಲ. ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲ ಕೂತು ಓದಿದ್ದನ್ನ ಇಲ್ಲಿ ಬರದೇನಿ.

ಈ ಕಿವಿ ಸಾಧನ ಮೊದಲ ಹಾಡು ಕೇಳಲಿಕ್ಕೆ ಹುಟ್ಟಿದ್ದಲ್ಲ, ದುಡೀಲಿಕ್ಕೆ ಹುಟ್ಟಿದ್ದು. ಅಮೇರಿಕಾದಾಗ ಟೆಲಿಫೋನ್ ಹೊಸದಾಗಿ ಬಂದಾಗ ಒಬ್ಬರ ಕರೆ ಇನ್ನೊಬ್ಬರಿಗೆ ಜೋಡಸೂ ಕೆಲಸಕ್ಕ ಹುಡುಗರನ್ನ ಇಟ್ಟಿದ್ರು. ಅವು ಗಿರಾಕಿಗಳಿಗೇ ಚಾಷ್ಟಿ ಮಾಡೂದು, ಬೈಯೂದು ಶುರು ಹಚ್ಚಿದ್ವು. ಬ್ಯಾಸತ್ತು 1878ರ ಸೆಪ್ಟೆಂಬರ್ 1ಕ್ಕ ಬೋಸ್ಟನ್ನಿನಾಗ ಎಮ್ಮಾ ನಟ್ ಅನ್ನೂ ಹೆಣ್ಣಮಗಳನ್ನ ಕೆಲಸಕ್ಕ ತಗೊಂಡ್ರು. ಜಗತ್ತಿನ ಮೊದಲ ಮಹಿಳಾ ಆಪರೇಟರ್ ಅಕಿನ. ಆಮ್ಯಾಲ ಆ ಕೆಲಸ ಪೂರಾ ಹೆಣ್ಣಮಕ್ಕಳದ ಆತು. ಎರಡೂ ಕೈ ವೈರ್ ಚುಚ್ಚಲಿಕ್ಕೆ ಬೇಕಲ್ಲ, ಅದಕ್ಕ ಕೇಳೂ ಸಾಧನಾನ ಮೈಗೇ ಕಟ್ಟಿದ್ರು. 1880ರ ದಶಕದ ಆ ಸಾಧನಾ ಹೆಗಲ ಮ್ಯಾಲ ಹೊರಬೇಕಾಗಿತ್ತು, ನೊಗಾ ಹೊತ್ತಂಗ.

ಅದ ಹೊತ್ತಿನ್ಯಾಗ ಶ್ರೀಮಂತರ ಕಥಿ ಬ್ಯಾರೆನ ನಡದಿತ್ತು. 1881ರಾಗ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಾಗ ಕ್ಲೆಮೆಂ ಆಡೆರ್ ಅನ್ನೂ ಎಂಜಿನಿಯರ್ ಒಪೇರಾದ ರಂಗದಿಂದ ಪ್ರದರ್ಶನದ ಕಟ್ಟಡಕ್ಕ ತಂತಿ ಎಳದು, ಎರಡು ಕಿವಿಗೆ ಎರಡು ಟೆಲಿಫೋನ್ ಹಿಡಕೊಂಡು ಹಾಡು ಕೇಳೂ ವ್ಯವಸ್ಥಾ ಮಾಡಿದ. ಜನಾ ಪಾಳಿ ಹಚ್ಚಿ ನಿಂತ್ರು. 1890ರ ಹೊತ್ತಿಗೆ ಅದೊಂದು ಧಂದೇನ ಆತು, ಥಿಯೇಟ್ರೋಫೋನ್ ಅಂತ. ಹೋಟೆಲ್ಲಿನಾಗ ಪೆಟ್ಟಿಗಿ ಇಟ್ಟಿರ್ತಿದ್ರು. 50 ಸಾಂಟೀಮ್ ನಾಣ್ಯ ಹಾಕಿದ್ರ ಐದು ನಿಮಿಷ ಕೇಳಬಹುದು. ನಮ್ಮ ಜಾತ್ರಿಯೊಳಗ ರೊಕ್ಕಾ ಕೊಟ್ಟು ಪೆಟ್ಟಿಗಿಯೊಳಗ ಇಣಕಿ ಚಿತ್ರಾ ನೋಡ್ತಿದ್ದಂಗ.

ಲಂಡನ್ನಿನಾಗ 1895ಕ್ಕ ಇಂಥಾದ್ದ ಬಂತು, ಎಲೆಕ್ಟ್ರೋಫೋನ್ ಅಂತ ಹೆಸರು. ಡಾಕ್ಟರ ಸ್ಟೆತಸ್ಕೋಪಿನಂಥಾದ್ದನ್ನ ಗದ್ದದ ಕೆಳಗ ಹಿಡಿ ಹಿಡಕೊಂಡು ಕೂಡೂದು. ಮನ್ಯಾಗ ಕೂತ ನಾಟಕನೂ ಕೇಳಬಹುದು, ಚರ್ಚಿನ ಪ್ರವಚನನೂ ಕೇಳಬಹುದು. ವರ್ಷದ ಚಂದಾ 5 ಪೌಂಡ್. ಐದ ಪೌಂಡ್ ಅಂದ್ರೇನು ಅಂತ ಅನಬ್ಯಾಡ್ರಿ. ಆಗ ಅಲ್ಲಿ ಮನಿಗೆಲಸದ ಹುಡುಗಿಗೆ ವರ್ಷಾನಗಟ್ಟಲೆ ದುಡದ್ರ ಸುಮಾರು 15-20 ಪೌಂಡ್ ಪಗಾರ. ಯಜಮಾನ್ತಿ ಕಿವಿಗೆ ಹೋದ ರೊಕ್ಕ ಅಕಿಯ ಮೂರು ನಾಕು ತಿಂಗಳ ದುಡಿಮಿ! ಮುಂದ ರೇಡಿಯೋ ಬಂತು, 1925ಕ್ಕ ಅದು ಬಾಗಿಲಾ ಹಾಕ್ಕೊಂಡು ಹೋತು. ಪ್ಯಾರಿಸ್ಸಿನದು 1932ರ ತನಕಾ ಹೆಂಗೋ ಉಸಿರು ಹಿಡಕೊಂಡಿತ್ತು.

ಈಗ ನನಗ ಭಾಳ ಸೇರಿದ ಕಥಿ. ಅಮೇರಿಕಾದ ಯೂಟಾದಾಗ ನಥಾನಿಯಲ್ ಬಾಲ್ಡ್ವಿನ್ ಅಂತ ಒಬ್ಬಂವ ಇದ್ದ. ಅಂವ ಕಿವಿಗೆ ಹಾಕ್ಕೊಳ್ಳೂ ರಿಸೀವರ್ ಒಂದು ತಯಾರಿಸಿ 1910ರಾಗ ಅಮೇರಿಕಾದ ನೌಕಾಪಡೆಗೆ ಕಳಿಸಿದ. ಅವರು ಪರೀಕ್ಷಾ ಮಾಡಿ ನೋಡಿದ್ರ ತಮ್ಮ ಕಡೆ ಇದ್ದ ಎಲ್ಲಾಕ್ಕಿಂತಾ ಇದ ಛಲೋ ಅದ! ಇನ್ನಷ್ಟು ಕಳಿಸು ಅಂದ್ರು. ಅಂವ ಏನಂದ ಗೊತ್ತೇನು? ಒಂದು ಸಲಕ್ಕ ಹತ್ತಕ್ಕಿಂತ ಜಾಸ್ತಿ ಆಗಂಗಿಲ್ಲ, ಯಾಕಂದ್ರ ಇವನ್ನ ನಾ ಅಡಗಿ ಮನ್ಯಾಗ ಮಾಡ್ತೇನಿ ಅಂತ. ಇವತ್ತಿನ ಹೆಡ್‌ಫೋನಿನ ತಲಿಪಟ್ಟಿ, ಎರಡೂ ಬಾಜೂ ಏರಿಸಿ ಇಳಿಸೂ ಕಡ್ಡಿ, ಎಲ್ಲಾ ಆ ಅಡಗಿ ಮನಿಯಿಂದ ಬಂದದ್ದು. ಅವನ ಹೆಂಡತಿ ಒಲಿ ಮುಂದ ಆ ತಂತಿ, ಅಯಸ್ಕಾಂತ ಸರಿಸಿ ರೊಟ್ಟಿ ಹೆಂಗ ಮಾಡ್ತಿದ್ಲೋ ಅಂತ ನನಗ ಚಿಂತಿ. ಇತಿಹಾಸ ಬರಿಯೋರು ಇಂಥಾದ್ದೇನೂ ಬರಿಯೂದಿಲ್ಲ.

ಮುಂದ 1958ರಾಗ ಜಾನ್ ಕಾಸ್ ಅನ್ನೋರು ಸ್ಟೀರಿಯೋ ಹೆಡ್‌ಫೋನ್ ತಂದು ಹಾಡು ಕೇಳೂ ಹೌಸಿಗೆ ದಾರಿ ಮಾಡಿಕೊಟ್ರು. ಅದನ್ನ ಉದ್ದ ಎಳಿಯೂದಿಲ್ಲ. ಜಪಾನಿಗೆ ಹೋಗೂಣು.

1979ರ ಜುಲೈ 1ಕ್ಕ ಸೋನಿ ಕಂಪನಿ ವಾಕ್‌ಮನ್ ಮಾರಾಟಕ್ಕ ಬಿಟ್ಟಿತು. ಬೆಲಿ 33,000 ಯೆನ್. ಅದರ ಸಂಗತಿ ಬಂದ ಹೆಡ್‌ಫೋನು 50 ಗ್ರಾಂಗಿಂತಾ ಹಗೂರ, ಅಲ್ಲೀತನಕಾ ಇದ್ದವು 300-400 ಗ್ರಾಂ ತೂಗ್ತಿದ್ವು. ಕಂಪನಿಯ ಅಕಿಯೋ ಮೊರಿಟಾ ಅವರು ತಯಾರಾಗೂ ಮೊದಲ ಒಂದನ್ನ ಮನಿಗೆ ಒಯ್ದು ಕಿವಿಗೆ ಹಾಕ್ಕೊಂಡು ಕೂತ್ರಂತ. ಹೆಂಡತಿಗೆ ಸಿಟ್ಟು ಬಂತು, ತನ್ನನ್ನ ಹೊರಗ ಹಾಕಿ ಬಾಗಿಲಾ ಹಾಕ್ಕೊಂಡಂಗ ಅನಿಸ್ತು. ಇದನ್ನ ಅವರ ತಮ್ಮ ಆತ್ಮಚರಿತ್ರೆಯೊಳಗ ಹೇಳ್ಕೊಂಡಾರ. ಅದಕ್ಕ ಮೊದಲ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ಚುಚ್ಚೂ ತೂತು ಇಟ್ರು, ಒಂದು ಕಿತ್ತಳಿ ಬಣ್ಣದ ಗುಂಡಿನೂ ಇಟ್ರು. ಆ ಗುಂಡಿ ಒತ್ತಿದ್ರ ಹಾಡಿನ ದನಿ ಸಣ್ಣದಾಗಿ, ಇಬ್ಬರೂ ಒಬ್ಬರಿಗೊಬ್ಬರು ಮಾತಾಡಬಹುದು. ಆದ್ರ ಜನಾ ಎರಡನೇ ತೂತಿಗೆ ಕೈನ ಹಚ್ಚಲಿಲ್ಲ. ಎಲ್ಲಾರಿಗೂ ತಮತಮಗ ಒಂದೊಂದು ಬೇಕಾತು. ಮುಂದಿನ ವಾಕ್‌ಮನ್ನಿನಾಗ ಆ ಗುಂಡಿ ಮಾಯ.

ನಮ್ಮ ಧಾರವಾಡದ ಮನ್ಯಾಗ ಇದರ ಉಲ್ಟಾ ಇತ್ತು. ಇಲ್ಲಿ ಆಕಾಶವಾಣಿ 1950ರ ಜನವರಿ 8ಕ್ಕ ಶುರು ಆದದ್ದು. ನಾ ಸಣ್ಣಾಕಿದ್ದಾಗ ಪಡಸಾಲಿಯೊಳಗ ರೇಡಿಯೋ ಹಚ್ಚಿದ್ರಂದ್ರ ಓಣಿ ಅರ್ಧಾ ಕೇಳ್ತಿತ್ತು. ಅಡಗಿ ಮನ್ಯಾಗ ಅವ್ವ, ಹಿತ್ತಲದಾಗ ಭಾಂಡಿ ತಿಕ್ಕಾಕಿ, ಕಟ್ಟಿ ಮ್ಯಾಲ ಅಜ್ಜ, ಎಲ್ಲಾರಿಗೂ ಒಂದ ಹಾಡು. ಛಂದ ಇತ್ತು, ಖರೆ. ಆದ್ರ ಹದಿನಾಲ್ಕು ಮಂದಿ ಇದ್ದ ಆ ಮನ್ಯಾಗ ನಾ ಬಿ.ಎ. ಪರೀಕ್ಷಾಕ್ಕ ಓದಿದ್ದು ರಾತ್ರಿ ಹನ್ನೊಂದರ ಮ್ಯಾಲ, ಎಲ್ಲಾರ ಊಟಾ ಆಗಿ, ಒಲಿ ಸಾರಿಸಿ, ಅಟ್ಟದ ಮೆಟ್ಟಲ ಮ್ಯಾಲ ಕೂತು. ಗದ್ದಲದ್ದು ಛಂದಾನ ಹೇಳಿದ್ರ ಅರ್ಧಾ ಸುಳ್ಳು ಹೇಳಿದಂಗ.

ಈ ಸಪ್ಪಳಾ ತಡಿಯೂ ವಿದ್ಯಾ ಎಲ್ಲಿಂದ ಬಂತು? ಅಮರ್ ಬೋಸ್ ಅಂತ. ಹೆಸರ ಕೇಳಿದ್ರನ ಗೊತ್ತಾಗ್ತದ, ತಂದಿ ಬಂಗಾಲದವರು, ಬ್ರಿಟಿಷರ ವಿರುದ್ಧ ಹೋರಾಟದಾಗ ಇದ್ದು ಅಮೇರಿಕಾಕ್ಕ ಹೋದವರು. ಮಗ ಅಲ್ಲೇ ಹುಟ್ಟಿ, ಹುಡುಗಾಗಿದ್ದಾಗ ಮನ್ಯಾಗ ರೇಡಿಯೋ ರಿಪೇರಿ ಮಾಡಿ ಸಂಸಾರಕ್ಕ ನಾಕು ಕಾಸು ಕೂಡಿಸಿದವರು, ಮುಂದ ಎಮ್ಐಟಿಯೊಳಗ ಪ್ರಾಧ್ಯಾಪಕರಾದ್ರು. 1978ರಾಗ ಜ್ಯೂರಿಕ್‌ನಿಂದ ಬೋಸ್ಟನ್ನಿಗೆ ವಿಮಾನದಾಗ ಬರೂ ಮುಂದ ಹೆಡ್‌ಫೋನ್ ಕೊಟ್ರು. ಎಂಜಿನ್ನಿನ ಗುಂಯ್ ಗುಂಯ್ ಒಳಗ ಹಾಡನ ಕೇಳಿಸಲಿಲ್ಲ. ಇಳಿಯೂದ್ರಾಗ ಲೆಕ್ಕಾ ಬರದು, ಸಪ್ಪಳಾ ಸಪ್ಪಳದಿಂದನ ಹೊಡಿಬಹುದು ಅಂತ ಗೊತ್ತು ಮಾಡ್ಕೊಂಡ್ರು. ಮೂಲ ವಿಚಾರ ಹೊಸಾದಲ್ಲ, ಜರ್ಮನಿಯ ಪೌಲ್ ಲ್ಯೂಗ್ ಅನ್ನೋರಿಗೆ 1936ರಾಗನ ಅದರ ಮ್ಯಾಲ ಪೇಟೆಂಟ್ ಸಿಕ್ಕಿತ್ತು. ಅದನ್ನ ಕಿವಿ ಮ್ಯಾಲ ತರಲಿಕ್ಕೆ ಬೋಸ್ ಅವರಿಗೆ ಹತ್ತು ವರ್ಷದ ಮ್ಯಾಲ ಹಿಡೀತು. 1989ರಾಗ ವಿಮಾನದ ಪೈಲಟ್‌ಗಳಿಗೆ, 2000ನೇ ಇಸವಿಗೆ ನಮ್ಮಂಥಾ ಮಂದಿಗೆ, 299 ಡಾಲರಿಗೆ.

ಅದು ಹೆಂಗ ಕೆಲಸಾ ಮಾಡ್ತದ ಅಂದ್ರ, ಪಂಚಮಿ ಜೋಕಾಲಿ ನೆನಸ್ಕೋರಿ. ಜೋಕಾಲಿ ನಿಮ್ಮ ಕಡೆ ಬರೂ ಹೊತ್ತಿಗೆ, ಅದು ಎಷ್ಟು ಜೋರಿಲೆ ಬರ್ತದೋ ಅಷ್ಟ ಜೋರಿಲೆ ಎದುರಿನಿಂದ ನೂಕಿದ್ರ ನಿಂತುಬಿಡ್ತದ. ಸಪ್ಪಳ ಅಂದ್ರನೂ ಗಾಳಿಯ ಜೋಕಾಲಿನ. ಹೆಡ್‌ಫೋನಿನಾಗಿರೂ ಸಣ್ಣ ಮೈಕು ಹೊರಗಿನ ಸಪ್ಪಳಾ ಕೇಳ್ತದ, ಒಳಗಿನ ಚಿಪ್ಪು ಅದರ ಉಲ್ಟಾ ಅಲೆ ಮಾಡಿ ಕಿವಿಗೆ ಬಿಡ್ತದ. ಒಂದ ತಾಳಕ್ಕ ತೂಗೂ ಜೋಕಾಲಿ ನಿಲ್ಲಸೂದು ಸರಳ. ಅದಕ್ಕ ಫ್ಯಾನು, ಏಸಿ, ಬಸ್ಸು, ವಿಮಾನ ಇವುಗಳ ಗುಂಯ್‌ಗುಡೂ ಸಪ್ಪಳಾ ಛಲೋತ್ನಂಗ ಅಡಗ್ತದ. ಒಮ್ಮಿಂದೊಮ್ಮೆಲೆ ಬರೂದು, ಕಿರಚೂದು, ಅದರ ಕೈಗೆ ಅಷ್ಟು ಸಿಗೂದಿಲ್ಲ. ಕುಕ್ಕರಿನ ಸೀಟಿ, ಕೂಸಿನ ಅಳು, ಬಳಿ ಸಪ್ಪಳಾ ಕೇಳಸ್ತಾನ ಇರ್ತಾವ.

ಇನ್ನ ವೈರ್ ಹೋದ ಕಥಿ. ಬ್ಲೂಟೂತ್ ಕೆಲಸಾ 1994ರಾಗ ಸ್ವೀಡನ್ನಿನ ಎರಿಕ್ಸನ್ ಕಂಪನಿಯೊಳಗ ಶುರು ಆತು. ಸೆಕೆಂಡಿಗೆ 1600 ಸಲಾ ತರಂಗಾ ಬದಲಿಸ್ತಾ, ಕುಂಟಾಬಿಲ್ಲಿ ಆಡಿದಂಗ ಜಿಗೀತಾ ಹೋಗ್ತದ ಅದು. ಹಾಲಿವುಡ್ಡಿನ ನಟಿ ಹೆಡಿ ಲಾಮಾರ್ ಮತ್ತ ಸಂಗೀತಗಾರ ಜಾರ್ಜ್ ಆಂಥೈಲ್ ಕೂಡಿ ಇಂಥಾ ಜಿಗಿಯೂ ಉಪಾಯಕ್ಕ 1942ರಾಗ ಪೇಟೆಂಟ್ ತಗೊಂಡಿದ್ರು. "ಬ್ಲೂಟೂತ್ ಕಂಡು ಹಿಡದಾಕಿ ಒಬ್ಬಾಕಿ ನಟಿ" ಅಂತ ವಾಟ್ಸಾಪಿನಾಗ ಬರೂದು ಅತಿ ಆತು. ಆದ್ರ ಆ ಪೇಟೆಂಟಿನ ಅವಧಿ ಮುಗಿಯೂತನಕಾ ಅಕಿ ಬುದ್ಧಿಗೆ ಅಕಿಗೆ ಒಂದು ಕಾಸೂ ಸಿಗಲಿಲ್ಲ ಅನ್ನೂದು ಖರೆ. 2016ರಾಗ ಆಪಲ್ ಕಂಪನಿ ಫೋನಿನ ಹೆಡ್‌ಫೋನ್ ತೂತನ್ನ ಮುಚ್ಚಿ, ಏರ್‌ಪಾಡ್ಸ್ ತಂತು. ನಮ್ಮ ದೇಶದಾಗ 15,400 ರೂಪಾಯಿ. 2020ರಾಗ ತಲಿ ಮ್ಯಾಲಿಂದು ಹಾಕ್ಕೊಳ್ಳೂದು ಬಂತು, 59,900! ಅಂದ್ರ ಮೊದಲ ತೂತು ತಗದು, ಆಮ್ಯಾಲ ಕಿವೀದು ಮಾರಿದ್ರು. ವ್ಯಾಪಾರ ಹಿಂಗ ಮಾಡಬೇಕು ನೋಡ್ರಿ.

ಅಳಿಯಂದ್ರ ಮಾತಿಗೆ ಬರ್ತೇನಿ. ಅವರು ಹೇಳಿದ್ದು ಅರ್ಧಾ ಖರೆ. 2017ರಾಗ ಯೆರೂನ್ ಬ್ರೇಬಾರ್ಟ್ ಅನ್ನೂ ಸಂಶೋಧಕರು 283 ಹೆಡ್‌ಫೋನ್ ಅಳದು ನೋಡಿದ್ರು. ಸಣ್ಣ ದನಿಯಿಂದ ದಪ್ಪ ದನಿತನಕಾ ಯಾವುದನ್ನ ಎಷ್ಟು ಸಮಾ ಕೇಳಸ್ತದ ಅನ್ನೂದಕ್ಕೂ ಅದರ ಬೆಲಿಗೂ ಏನೂ ಸಂಬಂಧ ಕಾಣಲಿಲ್ಲ. ತುಟ್ಟಿದು ಛಲೋ ಹಾಡ್ತದ, ಸೋವಿದು ಕೆಟ್ಟ ಹಾಡ್ತದ ಅನ್ನೂ ನೇಮ ಇಲ್ಲ. ಹಾಡಿನ ಸಲುವಾಗಿನ ಆದ್ರ ಒಂದು ಛಲೋ ವೈರಿನದು ತಗೋರಿ. 1984ರಾಗ ಬಂದ ಕಾಸ್ ಕಂಪನಿಯ ಪೋರ್ಟಾ ಪ್ರೋ ಇನ್ನೂ ಮಾರಾಟದಾಗ ಅದ, 1988ರ ಸೆನ್‌ಹೈಸರ್ ಎಚ್‌ಡಿ 25ರ ಬಿಡಿ ಭಾಗ ಇವತ್ತೂ ಸಿಗ್ತಾವ. ಕೆಟ್ಟ ತುಂಡು ಬದಲಿಸಿದ್ರ ಮತ್ತ ಹೊಸಾದು.

ವೈರ್ ಇಲ್ಲದ್ದರ ಜೀವ ಅದರ ಬ್ಯಾಟರಿಯೊಳಗ. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದಂಗ ಮಾಡಿದಂಗ ಸವೀತಾವ. ಕಿವಿಯೊಳಗ ಇಡೂ ಸಣ್ಣವು ಇನ್ನೂ ಲಗೂನ. ನಮ್ಮ ಮನ್ಯಾಗ ಹನ್ನೆರಡು ಸಾವಿರದ್ದು ಒಂದು ಜೋಡಿ ಎರಡೂವರಿ ವರ್ಷಕ್ಕ ಸತ್ತು ಕೂತದ. ಯಾವ ಕಂಪನಿ ಅಂತ ಹೆಸರು ಬ್ಯಾಡ. ಸರ್ವಿಸ್ ಸೆಂಟರಿನ ಹುಡುಗ, "ಬ್ಯಾಟರಿ ಹಾಕೂದಿಲ್ಲ ಆಂಟಿ, ಹೊಸಾದ ತಗೋರಿ" ಅಂದ. ಕರ್ಣಕುಂಡಲ ಮುರದ್ರೂ ಅಕ್ಕಸಾಲಿಗ ಹಿಂಗ ಅನ್ನಂಗಿಲ್ಲಲ್ಲ! ಯುರೋಪಿನವರು 2023ರಾಗ ಕಾಯ್ದೆ ಮಾಡ್ಯಾರ, 2027ರ ಫೆಬ್ರುವರಿಯಿಂದ ಇಂಥಾ ಸಾಮಾನಿನ ಬ್ಯಾಟರಿ ತಗದು ಹಾಕೂ ಹಂಗಿರಬೇಕು ಅಂತ. ಕೆಲವಕ್ಕ ವಿನಾಯ್ತಿ ಕೊಟ್ಟಾರ, ಆದ್ರೂ ಅಲ್ಲಿ ಬಂದದ್ದು ಇಲ್ಲೀಗೂ ಬಂದೀತು ಅಂತ ನನಗ ಆಶಾ ಅದ.

ನಾ ಮಾಡಿದ ಲೆಕ್ಕಾ ಹಿಂಗ. 30 ಸಾವಿರದ್ದು ಮೂರು ವರ್ಷ ಬಾಳಿಕಿ ಬಂತಂತ ಇಟ್ಕೋರಿ. ದಿನಾ ಹಾಕ್ಕೊಂಡ್ರ ದಿನಕ್ಕ 27 ರೂಪಾಯಿ. ವಾರಕ್ಕೊಮ್ಮೆ ಹಾಕ್ಕೊಂಡ್ರ ಒಂದೊಂದು ಸಲಕ್ಕ 192. ಇಳಕಲ್ ಸೀರಿ ವರ್ಷಕ್ಕ ಎರಡ ಸಲಾ ಉಟ್ರೂ ಮಗಳಿಗೆ ಕೊಡ್ಲಿಕ್ಕೆ ಬರ್ತದ, ಇದು ಹಂಗಲ್ಲ. ಕೊಂಡ ದಿನದಿಂದ ಸಾಯ್ಲಿಕ್ಕೆ ಹತ್ತಿರ್ತದ. ಅದಕ್ಕ ದಿನಾ ಬೇಕಾದವರು ತಗೋಬೇಕು, ಹೌಸಿಗೆ ತಗೋಬಾರದು.

ಮಗಳನ್ನ ಕೇಳಿದೆ, "ದಿನಕ್ಕ ಎಷ್ಟು ತಾಸು ಹಾಕ್ಕೋತಿ?" "ಆರು ತಾಸು ಮೀಟಿಂಗು ಅವ್ವಾ." ಎರಡು ಖೋಲಿ ಮನಿ. ಬಾಜೂಕ ಕಟ್ಟಡಾ ಏಳ್ಲಿಕ್ಕತ್ತದ, ದಿನಾ ಜನರೇಟರ್ ಸಪ್ಪಳಾ. ಹಾಲಿನಾಗ ಬೀಗತಿಯವರ ಟೀವಿ. ಈಗ ಇರೂ ಸೋವಿದರಾಗ ಆ ಗದ್ದಲಾ ಮೀರಸ್ಲಿಕ್ಕೆ ದನಿ ಪೂರಾ ಏರಿಸಿ ಕೇಳ್ತಾಳಂತ, ರಾತ್ರಿ ಕಿವಿಯಾಗ ಗುಂಯ್ ಅಂತದಂತ. ಇದ ಕೇಳಿ ನಾ ಹೆದರಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕ 40 ತಾಸು 80 ಡೆಸಿಬೆಲ್, ಮಕ್ಕಳಿಗೆ 75, ಇಷ್ಟ ಮಿತಿ ಅಂತ ಹೇಳೇದ. ಹೊರಗಿನ ಸಪ್ಪಳಾ ಅಡಗಿದ್ರ ದನಿ ಏರಸೂ ಕೆಲಸಾ ಇಲ್ಲ.

ಆಮ್ಯಾಲ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು, "ಮೀಟಿಂಗ್ ಮುಗದ ಮ್ಯಾಲ ಅರ್ಧಾ ತಾಸು ಏನೂ ಹಚ್ಚದ ಸುಮ್ಮನ ಹಾಕ್ಕೊಂಡು ಕೂಡಬೇಕು ಅನಸ್ತದ. ಇವರು, ನಾವು ಕರದ್ರ ನಿನಗ ಕೇಳೂದ ಬ್ಯಾಡೇನು ಅಂತಾರ." ಜಪಾನಿನಾಗ ಹೆಂಡತಿಗೆ ಬಂದ ಸಿಟ್ಟು ಬೆಂಗಳೂರಿನಾಗ ಗಂಡಗ ಬಂದದ! ನನಗ ಅಟ್ಟದ ಮೆಟ್ಟಲಾ ನೆನಪಾತು. "ತಗೋ" ಅಂದೆ. "ಹೋದ ವರ್ಷದ ಮಾಡೆಲ್ ನೋಡು, ಸೋವಿ ಇರ್ತದ. ತಗೊಳ್ಳೂ ಮೊದಲ ಕಿವಿ ಮೆತ್ತಿ, ಬ್ಯಾಟರಿ ಬದಲಸ್ಲಿಕ್ಕೆ ಬರ್ತದೇನು ಕೇಳು. ವೈರ್ ಚುಚ್ಚೂ ತೂತು ಇದ್ದದ್ದ ತಗೋ, ಬ್ಯಾಟರಿ ಹೋದ್ರೂ ಹಾಡು ಕೇಳ್ಲಿಕ್ಕಾದ್ರೂ ಆಗ್ತದ."

22 ಸಾವಿರಕ್ಕ ಬಂತು. ಪಂಚಮಿ ಉಂಡಿ ತಗೊಂಡು ಬೆಂಗಳೂರಿಗೆ ಹೋದಾಗ ನನ್ನ ತಲಿಗೂ ಹಾಕಿದ್ಲು. ಫ್ಯಾನಿನ ಸಪ್ಪಳಾ ಹೋತು. ಜನರೇಟರ್ ಎಲ್ಲೋ ದೂರ ಹೋತು. ಅಷ್ಟು ಶಾಂತ ನಾ ಯಾವಾಗ ಕೇಳಿದ್ನೋ ನೆನಪಿಲ್ಲ, ಕಣ್ಣು ಮುಚ್ಚಿ ಕೂತೆ. ಎರಡು ನಿಮಿಷ ಆಗಿರಬೇಕು, ಒಳಗ ಮೊಮ್ಮಗಾ ಅತ್ತಿತು. ಅದು ಮಾತ್ರ ಸ್ಪಷ್ಟ ಕೇಳಸ್ತು. ಇಬ್ಬರೂ ಒಮ್ಮೆಲೆ ಎದ್ದಿವಿ. ಅಳಿಯಂದ್ರು, "ಕೂಡ್ರಿ ಕೂಡ್ರಿ, ನಾ ನೋಡ್ತೇನಿ" ಅಂತ ಒಳಗ ಹೋದ್ರು.