ಶಾಲೆಯ ಪಾಠದಲ್ಲಿ ಧರ್ಮಗಳೂ ಪ್ರಾಚೀನ ಇತಿಹಾಸವೂ

ಕನ್ನಡ ನಾಡಿನ ಪ್ರಾಚೀನ ಇತಿಹಾಸವನ್ನು ಧರ್ಮಗಳ ಇತಿಹಾಸದಿಂದ ಬೇರ್ಪಡಿಸಿ ಕಲಿಸುವದು ಅಶಕ್ಯವು. ಅರಸರು ಅಳಿದರು, ರಾಜಧಾನಿಗಳು ಹಾಳಾದವು. ಬಸದಿ, ವಿಹಾರ, ದೇವಾಲಯ, ಮಠಗಳ ಶಿಲಾಶಾಸನಗಳಿಂದಲೇ ಅವರಲ್ಲಿ ಅನೇಕರ ಹೆಸರುಗಳು ಉಳಿದಿರುವವು. ಆದರೆ ಪರಧರ್ಮದ ವಿಷಯವನ್ನು ಕಲಿತ ಬಾಲಕನು ಸ್ವಧರ್ಮದಲ್ಲಿ ಶಿಥಿಲನಾಗುವನೆಂಬ ಅಂಜಿಕೆಯು ಕೆಲವು ಆಸ್ತಿಕರ ಮನಸ್ಸಿನಲ್ಲಿರುವದು. ಈ ಅಂಜಿಕೆಗೆ ಆಧಾರವುಂಟೇ ಎಂಬುದನ್ನು ಇತಿಹಾಸವನ್ನೇ ಕೇಳಿ ತಿಳಿಯುವದು ಯುಕ್ತವು.

ಬಳ್ಳಿಗಾವೆಯ ಕೋಡಿಯಮಠವು ಕಾಳಾಮುಖ ಶೈವರ ಪೀಠವಾಗಿತ್ತು. ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವು ಅದರ ವಿದ್ಯಾವೈಭವವನ್ನು ವರ್ಣಿಸಿರುವದು. ಅಲ್ಲಿ ವೇದಗಳೂ ವ್ಯಾಕರಣಗಳೂ ಲಾಕುಳ ಸಿದ್ಧಾಂತವೂ ಪಠಿಸಲ್ಪಡುತ್ತಿದ್ದವು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಸಂಗಡ ಬೌದ್ಧ ದರ್ಶನವೂ ವ್ಯಾಖ್ಯಾನಿಸಲ್ಪಡುತ್ತಿತ್ತು. ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿ ಸನ್ಯಾಸಿಗಳಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಇಷ್ಟಾದರೂ ಅದು ಶಿವಪೀಠವಾಗಿಯೇ ಇತ್ತು. ಪರರ ಶಾಸ್ತ್ರವನ್ನು ಅರಿಯುವದು ಬೇರೆ, ಸ್ವನಿಷ್ಠೆಯನ್ನು ಬಿಡುವದು ಬೇರೆ.

ಆಂಗ್ಲರ ಆಳಿಕೆಯಲ್ಲಿ ಧಾರವಾಡದ ಸರಕಾರಿ ಶಾಲೆಗಳು ಧರ್ಮದ ವಿಷಯದಲ್ಲಿ ತಟಸ್ಥವಾಗಿದ್ದವು. ಬಾಸೆಲ್ ಮಿಶನ್ ಶಾಲೆಗಳಲ್ಲಿ ಬೈಬಲ್ಲಿನ ಪಾಠವಿತ್ತು. ನಾಡಿನ ಇತಿಹಾಸದ ಸಾಧನಗಳು ಮೆಲ್ಲನೆ ದೊರೆತವು. ಫ್ಲೀಟ್ ಸಾಹೇಬರು ಶಾಸನಗಳನ್ನೋದಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿಯೂ, ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿಯೂ ಹೊರಬಂದವು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು.

ಇನ್ನು ಕಲಿಸುವ ರೀತಿ. ಹುಬ್ಬಳ್ಳಿ-ಧಾರವಾಡದ ಶಿಕ್ಷಕರಿಗೆ ಪುಸ್ತಕವೊಂದೇ ಗತಿಯಲ್ಲ. ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಜಿನಾಲಯವೂ, ಸೆಟ್ಟಿಗಳು ಕಟ್ಟಿಸಿದ ತಾರಾದೇವಿಯ ವಿಹಾರವನ್ನು ಹೇಳುವ ಡಂಬಳದ 1095ರ ಶಾಸನವೂ ಹಿಂದಿನ ಅಖಂಡ ಧಾರವಾಡ ಜಿಲ್ಲೆಯವೇ. ಇವನ್ನು ಕಲಿಸುವದು ಸುಲಭವು. ಕಠಿಣವಾದುದು ಅಬ್ಬಲೂರಿನ ಸೋಮೇಶ್ವರ ದೇವಾಲಯದ, ಕ್ರಿ. ಶ. 1200ರ ಸುಮಾರಿನ ಶಾಸನವು. ಏಕಾಂತದ ರಾಮಯ್ಯನು ಜೈನರೊಡನೆ ಪಣ ತೊಟ್ಟು, ಶಿರವನ್ನರಿದು ಶಿವನಿಗರ್ಪಿಸಿ ಮರಳಿ ಪಡೆದನೆಂದೂ, ಜಿನಬಿಂಬವನ್ನು ಭಂಗಿಸಿದನೆಂದೂ, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದೂ ಅದು ಹೇಳುವದು. ಶಿವಭಕ್ತರ ಮಕ್ಕಳು ಇದನ್ನು ಹೆಮ್ಮೆಯಿಂದ ಓದುವರು. ಅದೇ ವರ್ಗದಲ್ಲಿ ಕುಳಿತ ಜೈನ ಬಾಲಕನು ತಲೆ ತಗ್ಗಿಸುವನು. ಇದನ್ನು ಮುಚ್ಚಿಡುವದು ಸತ್ಯಕ್ಕೆ ದ್ರೋಹವು. ವಿಜಯಗೀತವಾಗಿ ಹಾಡುವದು ವಿದ್ಯೆಗೆ ದ್ರೋಹವು. ಇದು ಗೆದ್ದ ಪಕ್ಷದವರು ತಮ್ಮ ಗುಡಿಯಲ್ಲಿ ಬರೆಯಿಸಿದ ಮಾತೆಂದೂ, ಸೋತವರ ಮಾತು ಇದರಲ್ಲಿಲ್ಲವೆಂದೂ ತಿಳಿಸುವದೇ ಶಿಕ್ಷಕನ ಧರ್ಮವು. ಇಸ್ಲಾಂ, ಕ್ರೈಸ್ತಾದಿ ಧರ್ಮಗಳ ಪಾಠಕ್ಕೂ ಇದೇ ನ್ಯಾಯವು. ಸ್ವಪಕ್ಷದ ಶಿಲೆಯನ್ನು ಹೀಗೆ ಓದಬಲ್ಲವನಿಗೆ ಮಾತ್ರ ಪರಪಕ್ಷದ ಶಿಲೆಯನ್ನು ಪರೀಕ್ಷಿಸುವ ಅಧಿಕಾರವುಂಟು.

1950ರ ಸಂವಿಧಾನದ 28ನೆಯ ಅನುಚ್ಛೇದವು, ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸಿರುವದು. ಧರ್ಮಗಳ ಅಧ್ಯಯನಕ್ಕೆ ಇದರಿಂದ ಬಾಧೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನಿರ್ಣಯಿಸಿತು. ದೀಕ್ಷೆಯು ಮಠದ ಕಾರ್ಯವು, ಪರಿಚಯವು ಶಾಲೆಯ ಕಾರ್ಯವು. ಕೋಡಿಯಮಠದ ಅಂಗಳದಲ್ಲಿ ಎಂಟುನೂರು ವರುಷಗಳ ಹಿಂದೆಯೇ ಬೆಳಗಿದ ಈ ವಿವೇಕದ ಜ್ಯೋತಿಯು ಶ್ರೀಮಠದ ಶಿಷ್ಯವರ್ಗದ ಮನೆಮನೆಗಳಲ್ಲಿಯೂ ನಂದದೆ ಬೆಳಗಲಿ.