ಮಾಸ್ತರಿಕೆ ಕಲಿಯಲು ಹಣ ಕೊಡುತ್ತಿದ್ದ ಕಾಲ

ಮನೆಯ ಮಗಳು ಬಿ.ಎಡ್ ಮಾಡ್ತೀನಿ ಅಂದರೆ ಇವತ್ತು ಮೊದಲು ಏಳುವ ಪ್ರಶ್ನೆ, ಫೀಸ್ ಎಷ್ಟು? ಆದರೆ ಬಹಳ ಕಾಲ ಲೆಕ್ಕ ಇದಕ್ಕೆ ಉಲ್ಟಾ ಇತ್ತು. ಮಾಸ್ತರಿಕೆ ಕಲಿಯಲು ಹೋದವರಿಗೆ ಸರ್ಕಾರವೇ ತಿಂಗಳಿಗಿಷ್ಟು ಅಂತ ಹಣ ಕೊಡುತ್ತಿತ್ತು. ಆ ಹಣ ಎಲ್ಲಿಂದ ಶುರುವಾಯಿತು, ಎಲ್ಲಿ ನಿಂತಿತು?

ಕೂಲಿಯ ಬದಲು ವೇತನ

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಕಾರ್ಖಾನೆಗಳು ಬೆಳೆಯುತ್ತಿದ್ದವು, ಶಾಲೆಗಳಿಗೆ ಮಾಸ್ತರರಿರಲಿಲ್ಲ. ಬಡವರ ಮಕ್ಕಳು ಹನ್ನೆರಡು ಹದಿಮೂರು ವಯಸ್ಸಿಗೇ ದುಡಿಯಲು ಹೋಗುತ್ತಿದ್ದರು. 1846ರಲ್ಲಿ ಜೇಮ್ಸ್ ಕೇ-ಶಟಲ್‌ವರ್ತ್ ಎಂಬ ಅಧಿಕಾರಿ ಒಂದು ಯೋಜನೆ ತಂದರು. 13 ವರ್ಷ ತುಂಬಿದ ಜಾಣ ಮಕ್ಕಳು ಅದೇ ಶಾಲೆಯಲ್ಲಿ ಐದು ವರ್ಷ ಕಲಿಯುತ್ತ, ಚಿಕ್ಕವರಿಗೆ ಕಲಿಸುತ್ತ ಇರಬೇಕು. ಅದಕ್ಕೆ ಮೊದಲ ವರ್ಷ 10 ಪೌಂಡ್, ಐದನೇ ವರ್ಷ 20 ಪೌಂಡ್ ವೇತನ. ಆಮೇಲೆ ಪರೀಕ್ಷೆ ಪಾಸಾದರೆ ತರಬೇತಿ ಕಾಲೇಜಿಗೆ ಹೋಗಲು ರಾಣಿಯ ಹೆಸರಿನ ವಿದ್ಯಾರ್ಥಿವೇತನ.

ಇದು ದಾನವಾಗಿರಲಿಲ್ಲ. ಮಗ ಕೂಲಿ ಬಿಟ್ಟು ಓದಿದರೆ ಮನೆಗೆ ಬರುವ ದುಡ್ಡು ನಿಲ್ಲುತ್ತದೆ, ಆ ನಷ್ಟ ತುಂಬದಿದ್ದರೆ ಬಡವರ ಮನೆಯಿಂದ ಮಾಸ್ತರ ಬರುವುದಿಲ್ಲ ಎಂಬ ಲೆಕ್ಕ. 1862ರಲ್ಲಿ ಸರ್ಕಾರ ಖರ್ಚು ಉಳಿಸಲು ಈ ನೇರ ಪಾವತಿ ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ಹೀಗೆ ಕಲಿಯಲು ಬರುವವರ ಸಂಖ್ಯೆ ಕುಸಿಯಿತು.

ಧಾರವಾಡಕ್ಕೂ ಬಂತು

1854ರಲ್ಲಿ ಚಾರ್ಲ್ಸ್ ವುಡ್ ಭಾರತದ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಕಳಿಸಿದ ಆದೇಶಪತ್ರದಲ್ಲಿ ಇದೇ ಪದ್ಧತಿಯನ್ನು ಇಲ್ಲೂ ತರಲು ಹೇಳಲಾಗಿತ್ತು. ಕಲಿಯುವಾಗ ವೇತನ, ನಾರ್ಮಲ್ ಸ್ಕೂಲಿನಲ್ಲಿ ತರಬೇತಿ, ಪ್ರಮಾಣಪತ್ರ, ನಂತರ ಬದುಕಲು ಸಾಕಾಗುವ ಸಂಬಳ. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲೂ ನಾರ್ಮಲ್ ಸ್ಕೂಲ್ ಬಂತು. ಡೆಪ್ಯುಟಿ ಚನ್ನಬಸಪ್ಪನವರು 1860ರ ದಶಕದ ಆರಂಭದಲ್ಲಿ ಅದರ ಮುಖ್ಯೋಪಾಧ್ಯಾಯರಾಗಿದ್ದರು. ಮರಾಠಿಯದ್ದೇ ಜೋರಿದ್ದ ಕಾಲದಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದವರು ಅವರು. ಮುಂದೆ ಮುಲ್ಕಿ ಪಾಸಾಗಿ ಮಾಸ್ತರರಾದ ಎಷ್ಟೋ ಹಳ್ಳಿ ಹುಡುಗರಿಗೆ ಧಾರವಾಡದ ಟ್ರೈನಿಂಗ್ ಕಾಲೇಜು ಮುಂದಿನ ಮೆಟ್ಟಿಲಾಯಿತು.

ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಮುಂದಿಟ್ಟರು. ಶಾಲೆಗೆ ಮನೆ ಊರವರು ಕೊಡಬೇಕು, ಮಾಸ್ತರರ ತರಬೇತಿ ಸರ್ಕಾರದ್ದು.

1904ರಲ್ಲಿ ಲಾರ್ಡ್ ಕರ್ಜನ್ ಕಾಲದ ಶಿಕ್ಷಣ ನಿರ್ಣಯವೂ ಇದನ್ನೇ ದಾಖಲಿಸಿದೆ: ದೇಶದ ನಾರ್ಮಲ್ ಶಾಲೆಗಳು ಹೆಚ್ಚಾಗಿ ವಸತಿ ಶಾಲೆಗಳು, ಅಲ್ಲಿ ಕಲಿಯುವವರ ಊಟ-ವಾಸ ನಡೆಯುವುದು ಸ್ಟೈಪೆಂಡಿನಿಂದ.

ಎರಡು ಬಗೆಯ ಹಣ

1944ರಲ್ಲಿ ಇನ್ನೊಂದು ಬಗೆಯ ನೆರವು ಹುಟ್ಟಿತು. ವೈಸ್‌ರಾಯ್ ಮಂಡಳಿಯಲ್ಲಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಒತ್ತಾಯದ ಫಲವಾಗಿ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಮುಂದೆ ಅದು ಪರಿಶಿಷ್ಟ ಪಂಗಡಕ್ಕೂ, ಹಿಂದುಳಿದ ವರ್ಗಗಳಿಗೂ ಬಂತು.

ಎರಡಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಕೆಲಸ ನೋಡಿ ಕೊಡುವ ಹಣ. ನೀವು ಊರ ಮಕ್ಕಳಿಗೆ ಕಲಿಸಲು ತಯಾರಾಗುತ್ತಿದ್ದೀರಿ, ಅದಕ್ಕೆ ಕೊಡುತ್ತೇವೆ ಎಂಬುದು. ಎರಡನೆಯದು ಮನೆ ನೋಡಿ ಕೊಡುವ ಹಣ. ಜಾತಿ, ಆದಾಯ ನೋಡಿ, ಹಿಂದೆ ಆದ ಅನ್ಯಾಯಕ್ಕೆ ಸ್ವಲ್ಪವಾದರೂ ಪರಿಹಾರ ಎಂಬಂತೆ. ಎರಡೂ ಬೇಕಿತ್ತು. 1966ರಲ್ಲಿ ಕೊಠಾರಿ ಆಯೋಗವೂ ಶಿಕ್ಷಕರ ತರಬೇತಿಗೆ ಬೋಧನಾ ಶುಲ್ಕವೇ ಬೇಡ, ಸ್ಟೈಪೆಂಡ್ ಮತ್ತು ಸಾಲ ಧಾರಾಳವಾಗಿ ಸಿಗಲಿ ಎಂದು ಹೇಳಿತು.

ದಿಕ್ಕು ಬದಲಾದದ್ದು

ಆದದ್ದು ಬೇರೆ. ಶಾಲೆಗಳು ಹೆಚ್ಚಿದವು, ಮಾಸ್ತರ ಹುದ್ದೆ ಹಳ್ಳಿಯ ಮನೆಗಳಿಗೆ ಸರ್ಕಾರಿ ನೌಕರಿಯ ದೊಡ್ಡ ಬಾಗಿಲಾಯಿತು. ಟಿಸಿಎಚ್ ಸೀಟಿಗೆ ನೂಕುನುಗ್ಗಲು. ಸರ್ಕಾರಿ ಸಂಸ್ಥೆಗಳು ಸಾಲದೆ ಹೋದ ಕಡೆ ಖಾಸಗಿ ಕಾಲೇಜುಗಳು ಬಂದವು, ಜೊತೆಗೆ ಡೊನೇಷನ್ ಕೂಡ. ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದಿತು. 1990ರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಅಂಕಗಳ ಆಧಾರದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರ ನೇಮಕವಾಯಿತು. ಲಂಚವಿಲ್ಲದೆ ಕೆಲಸ ಸಿಕ್ಕಿತು ಎಂದು ಹೇಳುವವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಕೆಲಸ ಸಿಗುತ್ತದೆ ಎಂದಾಗ ಫೀಸಿಗೆ ಹೊಲ ಅಡವಿಡಲೂ ಜನ ಹಿಂಜರಿಯಲಿಲ್ಲ.

2012ರ ಹೊತ್ತಿಗೆ, ಸುಪ್ರೀಂ ಕೋರ್ಟ್ ನೇಮಿಸಿದ ಜೆ.ಎಸ್. ವರ್ಮಾ ಆಯೋಗದ ವರದಿ ಪ್ರಕಾರ, ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಶೇ. 90ರಷ್ಟು ಸರ್ಕಾರದ ಹೊರಗಿದ್ದವು. 2015ರಿಂದ ಬಿ.ಎಡ್ ಒಂದು ವರ್ಷದ ಬದಲು ಎರಡು ವರ್ಷವಾಯಿತು. ಕಲಿಕೆಗೆ ಅದು ಒಳ್ಳೆಯದೇ. ಆದರೆ ಫೀಸ್, ಬಾಡಿಗೆ, ಬಸ್ ಚಾರ್ಜು ಎಲ್ಲವೂ ಎರಡು ವರ್ಷದ್ದಾಯಿತು, ಮನೆಗೆ ಬರಬೇಕಿದ್ದ ಎರಡು ವರ್ಷದ ದುಡಿಮೆಯೂ ಹೋಯಿತು. 1846ರಲ್ಲಿ ಲೆಕ್ಕ ಹಾಕಿದ್ದು ಇದೇ ನಷ್ಟವನ್ನು.

ಈಗ ಉಳಿದಿರುವುದು

ಈಗ ಸಿಗುವುದು ಹೆಚ್ಚಾಗಿ ಎರಡನೇ ಬಗೆಯ ಹಣ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಾಪಸಾತಿಗೆ ಅರ್ಜಿ ಹಾಕಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿ ನೆರವಾಗಿ ವಿದ್ಯಾಸಿರಿ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ 4 ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ, ಆದರೆ ಅದು ಸಾಲ, ತೀರಿಸಲೇಬೇಕು.

ಹಣ ಕಟ್ಟುವ ಮುಂಚೆ ಎರಡು ಮಾತು ವಿಚಾರಿಸಿ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ? ನಿಮಗೆ ಬೇಕಾದ ಹುದ್ದೆಗೆ ಆ ಕೋರ್ಸ್ ನಡೆಯುತ್ತದೆಯೇ? 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಬಿ.ಎಡ್ ಅರ್ಹತೆಯಲ್ಲ, ಡಿ.ಎಲ್.ಎಡ್ ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತನ್ನು ಮಾತ್ರ ಸರ್ಕಾರವನ್ನೇ ಕೇಳಬೇಕು. ಊರ ಶಾಲೆಗೆ ಮಾಸ್ತರ ಬೇಕಾಗಿರುವುದು ಊರಿಗೆ, ನಾಡಿಗೆ. ಹಾಗಿದ್ದಮೇಲೆ ಆತನನ್ನು ತಯಾರು ಮಾಡುವ ಖರ್ಚನ್ನು ಅವನ ಅಪ್ಪನೊಬ್ಬನೇ ಯಾಕೆ ಹೊರಬೇಕು?