ಆರೋಪಕ್ಕೆ ಉತ್ತರ: ಅಂದು ಮತ್ತು ಇಂದು

ಕೆಲವು ವರ್ಷಗಳ ಹಿಂದೆ, ತುಮಕೂರಿನ ಅಂಚಿನಲ್ಲಿರುವ ಅಂತರಸನಹಳ್ಳಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬಂದರು. ಮಗನ ಮೇಲೆ ಹೆಣ್ಣುಮಗಳೊಬ್ಬಳು ಅತ್ಯಾಚಾರದ ದೂರು ಕೊಟ್ಟಿದ್ದಳು. “ಮೇಷ್ಟ್ರೇ, ತಾವು ನಾಲ್ಕು ಜನ ಹಿರಿಯರೊಡನೆ ಅವರ ಮನೆಗೆ ಬಂದು ರಾಜಿ ಮಾಡಿಸಿಕೊಡಬೇಕು” ಎಂದು ಅವರು ಕೈಮುಗಿದರು. ನಾನು ಒಪ್ಪಲಿಲ್ಲ. ಏಕೆಂಬುದನ್ನು ನಮ್ಮ ನಾಡಿನ ಇತಿಹಾಸವೇ ಹೇಳುತ್ತದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಅದರಂತೆ ವ್ಯವಹಾರಕ್ಕೆ ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ, ನಿರ್ಣಯ. ಪ್ರತಿವಾದಿಯ ಉತ್ತರವನ್ನು ದೂರಿತ್ತವರ ಎದುರಿನಲ್ಲಿಯೇ ಬರೆದುಕೊಳ್ಳತಕ್ಕದ್ದು. ಆ ಉತ್ತರವೂ ನಾಲ್ಕು ಬಗೆ: ಒಪ್ಪುವುದು, ಅಲ್ಲಗಳೆಯುವುದು, ಒಪ್ಪಿ ಕಾರಣ ಹೇಳುವುದು, ಹಿಂದೆಯೇ ತೀರ್ಪಾಗಿದೆಯೆನ್ನುವುದು. ಅಲ್ಲಗಳೆದರೆ ಸಾಧಿಸುವ ಹೊರೆ ದೂರಿತ್ತವರದು. ಕಾರಣ ಹೇಳಿದರೆ ಹೊರೆ ಪ್ರತಿವಾದಿಯದು. ಇತರ ವ್ಯಾಜ್ಯಗಳಲ್ಲಿ ಉತ್ತರಕ್ಕೆ ಕಾಲಾವಕಾಶ ಉಂಟು. ಸಾಹಸ, ಕಳವು, ಸ್ತ್ರೀವಿಷಯಗಳಲ್ಲಿ ಕೂಡಲೇ ಉತ್ತರ ಕೊಡಬೇಕು. ಸ್ತ್ರೀಸಂಗ್ರಹಣದ ಮೊಕದ್ದಮೆಯಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು, ಏಕೆಂದರೆ ಇಂಥ ಕೃತ್ಯ ನಡೆಯುವುದು ಆರಿಸಿದ ಸಾಕ್ಷಿಗಳ ಮುಂದಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಅಂದಿನ ದಂಡ ವರ್ಣವನ್ನು ನೋಡಿ ಏರಿಳಿಯುತ್ತಿತ್ತು. ಬಲಾತ್ಕಾರವೂ ಪರಸ್ತ್ರೀಗಮನವೂ ಒಂದೇ ಪ್ರಕರಣದಡಿಯಲ್ಲಿ ಬರುತ್ತಿದ್ದವು. ಹೆಣ್ಣಿನ ಇಚ್ಛೆಗೆ ಇಂದಿನಷ್ಟು ಬೆಲೆಯಿರಲಿಲ್ಲ.

1860ರ ಭಾರತ ದಂಡಸಂಹಿತೆ ಒಂದೇ ಅಪರಾಧಕ್ಕೆ ಒಂದೇ ದಂಡವೆಂಬ ನಿಯಮವನ್ನು ತಂದಿತು. ಆದರೆ 1872ರ ಸಾಕ್ಷ್ಯ ಕಾಯಿದೆಯಲ್ಲಿ ದೂರಿತ್ತವಳ ನಡತೆಯನ್ನೇ ಕೆದಕಲು ಆರೋಪಿಗೆ ಅವಕಾಶವಿತ್ತು. ಆ ವಿಧಿಯನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿ ಕಾಯಿದೆ. ನೂರ ಮೂವತ್ತು ವರ್ಷಗಳ ಕಾಲ ನ್ಯಾಯಾಲಯದಲ್ಲಿ ನಮ್ಮ ಹೆಣ್ಣುಮಕ್ಕಳು ಕೇಳಿದ ಮಾತುಗಳನ್ನು ನೆನೆದರೆ ಮನಸ್ಸು ನೋಯುತ್ತದೆ. ಈಗ ಅವಳ ಮಾತು ನಂಬತಕ್ಕದ್ದಾಗಿದ್ದರೆ ಅದೊಂದೇ ಸಾಕು. 2014ರಲ್ಲಿ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದು ಹೇಳಿಕೆ ಬರೆಸಬೇಕೆಂದು ಸುಪ್ರೀಂ ಕೋರ್ಟು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಸೆರೆವಾಸ, ಗರಿಷ್ಠ ಜೀವಾವಧಿ. ಅವಳ ಹೆಸರನ್ನು ಪ್ರಕಟಿಸಿದರೂ 2 ವರ್ಷಗಳವರೆಗೆ ಸೆರೆಯುಂಟು.

ಹಾಗಾದರೆ ಆರೋಪಿಗೆ ರಕ್ಷಣೆಯಿಲ್ಲವೆ? ಇದೆ. ಅಂದು ಕೂಡಲೇ ಬಾಯಿಬಿಡಬೇಕಿತ್ತು. ಇಂದು ತನಗೆ ವಿರುದ್ಧವಾಗಿ ಸಾಕ್ಷಿ ಹೇಳೆಂದು ಯಾರೂ ಬಲವಂತಪಡಿಸುವಂತಿಲ್ಲ. ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು 2010ರಲ್ಲಿ ತೀರ್ಪಾಯಿತು. ವಕೀಲರನ್ನು ಕಾಣುವ ಹಕ್ಕಿದೆ. ಸೆರೆಯಲ್ಲಿರುವವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿಯೇ ವಕೀಲರನ್ನು ಒದಗಿಸುತ್ತದೆ. ಅಪರಾಧ ಸಾಬೀತಾಗುವವರೆಗೆ ಅವನು ಅಪರಾಧಿಯಲ್ಲ.

ಆ ತಂದೆಗೆ ನಾನು ಹೇಳಿದ್ದು ಇಷ್ಟೆ: “ಯಜಮಾನರೇ, ಇದು ಊರ ಕಟ್ಟೆಯಲ್ಲಿ ರಾಜಿಯಾಗುವ ವಿಷಯವಲ್ಲ. ನಾವು ಆ ಮನೆಯ ಬಾಗಿಲಿಗೆ ಹೋದರೆ ಅದು ಬೆದರಿಕೆಯೆನಿಸುತ್ತದೆ. ನಿಮ್ಮ ಮಗನಿಗೂ ಕೇಡು. ಅವನು ತಲೆಮರೆಸಿಕೊಳ್ಳುವುದು ಬೇಡ. ವಕೀಲರನ್ನು ಕಂಡು, ಅವರ ಮೂಲಕ ಜಾಮೀನು ಕೇಳಲಿ. ವೈದ್ಯ ಪರೀಕ್ಷೆಗೆ ಅಡ್ಡಿ ಮಾಡದಿರಲಿ. ಮೊಬೈಲಿನಿಂದ ಏನನ್ನೂ ಅಳಿಸದಿರಲಿ. ಆ ಹುಡುಗಿಯ ವಿಷಯದಲ್ಲಿ ಎಲ್ಲಿಯೂ ಮಾತೆತ್ತದಿರಲಿ. ತಪ್ಪು ಮಾಡಿಲ್ಲದಿದ್ದರೆ ಅದನ್ನು ಹೇಳುವ ಜಾಗ ಒಂದೇ. ಮಾಡಿದ್ದರೆ, ನೀವೂ ನಾನೂ ಅಡ್ಡ ನಿಲ್ಲಬಾರದು.”

ಅವರು ಬೇಸರದಿಂದಲೇ ಎದ್ದುಹೋದರು. ಮರುವಾರ ವಕೀಲರನ್ನು ಕಂಡರೆಂದು ತಿಳಿಯಿತು. ಮುಂದಿನದು ನ್ಯಾಯಾಲಯದ ಮಾತು. ದೂರಿಗೊಂದು ಪಾದ, ಉತ್ತರಕ್ಕೊಂದು ಪಾದವೆಂದು ನಮ್ಮ ಹಿರಿಯರು ಎಣಿಸಿದ್ದು ಸಭೆಯೊಳಗೆ. ಅವಳ ಮನೆಯ ಅಂಗಳದಲ್ಲಿ ಅಲ್ಲ.